ಹನ್ನೊಂದು ಮರಿ, ಇಬ್ಬರು ಅಪ್ಪಂದಿರು

ಏಳನೆಯ ಮರಿಯ ಗಂಟಲಲ್ಲೂ ಪುಕ್ಕವಿತ್ತು.

ಡಾಕ್ಟರಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮರಿಯನ್ನು ಅಂಗೈಯಲ್ಲಿ ಮಲಗಿಸಿ, ಹೆಬ್ಬೆರಳಿನಿಂದ ಅದರ ಕೊಕ್ಕನ್ನು ಮೆಲ್ಲಗೆ ಮೇಲಕ್ಕೆತ್ತಿದರು. ಅದು ಹುಟ್ಟಿ ಇನ್ನೂ ಮೂರು ಗಂಟೆಯಾಗಿರಲಿಲ್ಲ. ಕೆಂಪಗಿನ ಬೋಳು ಕತ್ತು. ಅದರ ಮುಂಭಾಗದಲ್ಲಿ, ಅಂಗಿಯ ಮೊದಲ ಗುಂಡಿ ಇರುವ ಜಾಗದಲ್ಲಿ, ಹತ್ತಿಯ ಚೂರಿನಂಥ ಒಂದಿಷ್ಟು ತುಪ್ಪಳ.

"ಇದರ ಚಿಪ್ಪು ಎಲ್ಲಿ?"

ಮಗಳು ರಟ್ಟಿನ ಖಾನೆಯೊಳಗಿಂದ ಒಡೆದ ಚಿಪ್ಪನ್ನು ಎತ್ತಿ ಕೊಟ್ಟಳು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಹತ್ತು ಎಂಬ ಅಂಕಿ. ಸೊನ್ನೆಯನ್ನು ಗುಂಡಗೆ, ಬಾಯಿ ಕೂಡಿಸಿ ಬರೆಯುವ ಬೈಂಡರಯ್ಯನ ಕೈ.

"ಹತ್ತನೇ ತಾರೀಕಿನ ಮೊಟ್ಟೆ" ಎಂದಳು ಮಗಳು. "ಅಪ್ಪ ದಿನಾ ಬೆಳಿಗ್ಗೆ ಮೊಟ್ಟೆ ಎತ್ತಿದ ಕೂಡಲೇ ಬರೀತಿದ್ರು. ಹದಿಮೂರಕ್ಕೆ ಅವರೇ ಕಾವಿಗೆ ಇಟ್ಟದ್ದು. ಹದಿನಾಲ್ಕಕ್ಕೆ..."

ಮುಂದಿನದನ್ನು ಹೇಳಬೇಕಾಗಿರಲಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟಿ ಬದುಕಿದ ಬೈಂಡರಯ್ಯ ಕಳೆದ ತಿಂಗಳ ಹದಿನಾಲ್ಕಕ್ಕೆ, ಹಿತ್ತಲಿನ ಕೋಳಿಮನೆಯ ಏಣಿಯ ಬುಡದಲ್ಲಿ ತಲೆ ಒಡೆದು ಸತ್ತುಬಿದ್ದಿದ್ದರು. ಜಾರಿ ಬಿದ್ದದ್ದು ಎಂದು ಬರೆದು ಪೊಲೀಸರು ಕೈತೊಳೆದುಕೊಂಡಿದ್ದರು. ಮಗಳು ಮಾತ್ರ ನಿವೃತ್ತ ಪಶುವೈದ್ಯೆ ಡಾಕ್ಟರಮ್ಮನ ಮನೆ ಬಾಗಿಲಿಗೆ ಬಂದು, "ಪೊಲೀಸರು ಮನುಷ್ಯರನ್ನ ವಿಚಾರಿಸಿದ್ರು, ನೀವು ಕೋಳಿಗಳನ್ನ ವಿಚಾರಿಸಿ ನೋಡಿ" ಎಂದಿದ್ದಳು.

ಕೋಳಿಗಳು ಈಗ ಬಾಯಿಬಿಡತೊಡಗಿದ್ದವು.

ಮೂರು ದಿನದ ಹಿಂದೆ, ಮೊಟ್ಟೆ ಒಡೆಯುವ ಮೊದಲೇ, ಡಾಕ್ಟರಮ್ಮ ಅವನ್ನು ಹೇಂಟೆಯ ಹೊಟ್ಟೆಯಡಿಯಿಂದ ತೆಗೆಸಿ ಬಲ್ಬಿನ ಬಿಸಿಯಲ್ಲಿ ಇಡಿಸಿದ್ದರು. ಒಂದೊಂದಕ್ಕೂ ಒಂದೊಂದು ರಟ್ಟಿನ ಖಾನೆ. ಯಾವ ಮರಿ ಯಾವ ಚಿಪ್ಪಿನಿಂದ ಬಂತು ಎನ್ನುವುದು ಬೆರೆಯಬಾರದು ಎಂದಷ್ಟೇ ಹೇಳಿದ್ದರು. ಹದಿನಾಲ್ಕು ಮೊಟ್ಟೆಯಲ್ಲಿ ಹನ್ನೊಂದು ಮರಿಯಾಗಿದ್ದವು.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದನ್ನೂ ನೋಡಿ ಮುಗಿಸಿ, ಡಾಕ್ಟರಮ್ಮ ಮಂಡಿ ಹಿಡಿದುಕೊಂಡು ಎದ್ದರು.

"ನಿಮ್ಮಪ್ಪನ ಕೋಳಿ ಗಂಟಲಲ್ಲಿ ಹಿಂದೆ ಯಾವತ್ತಾದ್ರೂ ಪುಕ್ಕ ನೋಡಿದ್ದೀಯಾ ತಾಯಿ?"

"ಇಲ್ಲ. ಅಂಥದ್ದು ಒಂದು ಹುಟ್ಟಿದ್ರೂ ಅಪ್ಪ ಸಾಕೋರಿಗೆ ಕೊಟ್ಟುಬಿಡ್ತಿದ್ರು, ತಳಿಗೆ ಬಿಡ್ತಿರಲಿಲ್ಲ. ನಾನು ಹೈಸ್ಕೂಲಲ್ಲಿದ್ದಾಗ ಒಂದೆರಡು ಹುಟ್ಟಿತ್ತೇನೋ. ಆಮೇಲೆ ನಿಂತೇಹೋಯ್ತು."

ಆ ನಿಂತುಹೋಗುವುದರ ಹಿಂದೆ ಮೂವತ್ತು ವರ್ಷದ ಕೆಲಸವಿತ್ತು. ಊರಿನ ಸೆಕೆ ಅಂಥದ್ದು. ಗಾಳಿ ಬೀಸಿದರೂ ಒದ್ದೆ ಬಟ್ಟೆ ಮುಖಕ್ಕೆ ಬಡಿದ ಹಾಗೆ. ಹೊರಗಿನಿಂದ ತಂದ ಮೈತುಂಬ ಪುಕ್ಕದ ಚೆಂದದ ಕೋಳಿಗಳು ಬೇಸಿಗೆಯ ನಡುಮಧ್ಯಾಹ್ನ ಕೊಕ್ಕು ತೆರೆದು, ರೆಕ್ಕೆ ಅಗಲಿಸಿ, ನಿಂತಲ್ಲೇ ಕುಸಿಯುತ್ತಿದ್ದವು. ಬೈಂಡರಯ್ಯ ಚೆಂದಕ್ಕೆ ಬೆಲೆ ಕೊಟ್ಟವರಲ್ಲ. ಕತ್ತು ಬೋಳಾಗಿದ್ದರೆ ಮೈಯ ಬಿಸಿ ಅಲ್ಲಿಂದ ಹೊರಟುಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡು, ಬೋಳು ಕತ್ತಿನ ಎರಡು ಹೇಂಟೆ, ಒಂದು ಹುಂಜದಿಂದ ಶುರುಮಾಡಿದ್ದರು. ಬಿಸಿಲೇರಿದ ಮೇಲೂ ಯಾವುದು ಕಾಳು ಕೆದಕುತ್ತದೆ, ಯಾವುದು ಹಟ ಹಿಡಿದು ಕಾವಿಗೆ ಕೂರುತ್ತದೆ, ಯಾವುದು ಮಕ್ಕಳು ಓಡಾಡುವ ಅಂಗಳದಲ್ಲಿ ಬೆದರದೆ ನಿಲ್ಲುತ್ತದೆ ಎಂದು ನೋಡಿ ನೋಡಿ, ವರ್ಷಕ್ಕೆ ನಾಲ್ಕೈದನ್ನೇ ಉಳಿಸಿಕೊಳ್ಳುತ್ತ ಬಂದಿದ್ದರು. ಗಂಟಲ ಪುಕ್ಕ ಅವರಿಗೆ ಒಂದು ಗುರುತು. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬೋಳುತನ ಬಂದಿದ್ದರೆ ಗಂಟಲು ನುಣ್ಣಗಿರುತ್ತದೆ. ಒಂದೇ ಕಡೆಯಿಂದ ಬಂದಿದ್ದರೆ ಆ ಚೂರು ಪುಕ್ಕ ಉಳಿದುಬಿಡುತ್ತದೆ.

"ಇಲ್ಲಿ ನೋಡು." ಡಾಕ್ಟರಮ್ಮ ಚಿಪ್ಪುಗಳನ್ನು ತಾರೀಕಿನ ಪ್ರಕಾರ ಸಾಲಾಗಿ ಜೋಡಿಸಿದರು. "ನಾಲ್ಕರಿಂದ ಏಳನೇ ತಾರೀಕಿನವರೆಗಿನ ಮೊಟ್ಟೆ. ಐದು ಮರಿ. ಐದಕ್ಕೂ ಗಂಟಲು ಬೋಳು. ಎಂಟರದ್ದು ಮರಿಯಾಗಲಿಲ್ಲ. ಒಂಬತ್ತರಿಂದ ಈಚೆಗಿನವು ಆರು. ಅದರಲ್ಲಿ ನಾಲ್ಕಕ್ಕೆ ಪುಕ್ಕ."

"ಹಾಗಂದ್ರೆ?"

"ಹೇಂಟೆಗಳು ಅವೇ. ಅಪ್ಪ ಬೇರೆ."

ಮಗಳು ಹಿತ್ತಲಿನ ಕಡೆ ತಿರುಗಿದಳು. ಬಲೆಯ ಆಚೆ ಹುಂಜ ಎಂದಿನಂತೆ ಎದೆಯುಬ್ಬಿಸಿ ನಿಂತಿತ್ತು. ಇಟ್ಟಿಗೆ ಬಣ್ಣದ ಬೆನ್ನು, ಕಪ್ಪು ಬಾಲ, ಬೋಳು ಕತ್ತು.

"ಅದು ಅಪ್ಪನ ಹುಂಜವೇ ಡಾಕ್ಟರಮ್ಮ. ನಾನು ದಿನಾ ನೋಡ್ತೀನಲ್ಲ."

"ದಿನಾ ನೋಡೋದನ್ನೇ ನಾವು ಸರಿಯಾಗಿ ನೋಡಲ್ಲ. ಹಿಡ್ಕೊಂಡು ಬಾ."

ಹುಂಜವನ್ನು ಕಂಕುಳಲ್ಲಿ ಒತ್ತಿ ಹಿಡಿದು, ಡಾಕ್ಟರಮ್ಮ ಅದರ ಗಂಟಲನ್ನು ಬೆಳಕಿಗೆ ತಿರುಗಿಸಿದರು. ದೂರಕ್ಕೆ ನುಣ್ಣಗೆ ಕಾಣುತ್ತಿದ್ದ ಚರ್ಮದಲ್ಲಿ, ಒಂದು ರೂಪಾಯಿ ಬಿಲ್ಲೆಯಗಲದ ಜಾಗದಲ್ಲಿ, ಸೂಜಿಮೊನೆಯಂಥ ಎಳೆಯ ಪುಕ್ಕದ ಮೊಳಕೆಗಳು ಎದ್ದಿದ್ದವು. ಯಾರೋ ಒಂದೊಂದನ್ನೇ ಬುಡಸಮೇತ ಕಿತ್ತಿದ್ದರು. ಕಿತ್ತದ್ದು ಈಗ ಮತ್ತೆ ಬರುತ್ತಿತ್ತು.

"ಕಿತ್ತು ಒಂದು ತಿಂಗಳಾಗಿದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ" ಎಂದರು. "ಹುಂಜ ಬದಲಾದ್ರೂ ಹೇಂಟೆ ಒಂದಷ್ಟು ದಿನ ಹಳೇ ಹುಂಜದ ಮೊಟ್ಟೆಯನ್ನೇ ಇಡತ್ತೆ. ಲೆಕ್ಕ ಹಾಕಿದ್ರೆ ಇದು ಈ ಮನೆಗೆ ಬಂದದ್ದು ಎರಡನೇ ತಾರೀಕೋ ಮೂರನೇ ತಾರೀಕೋ. ಆಗ ನಿಮ್ಮಪ್ಪ ಬದುಕಿದ್ರು."

ಮಗಳು ಬಲೆಯ ತಂತಿಯನ್ನು ಹಿಡಿದದ್ದು ಬಿಡಲಿಲ್ಲ.

ಡಾಕ್ಟರಮ್ಮನನ್ನು ಕಾಡಿದ್ದೂ ಅದೇ. ಸತ್ತ ಮೇಲೆ ಕದ್ದಿದ್ದರೆ ಅದು ಕಳ್ಳತನ. ಆದರೆ ಬೈಂಡರಯ್ಯ ಹನ್ನೆರಡು ದಿನ ಈ ಸುಳ್ಳು ಹುಂಜಕ್ಕೆ ಕೈಯಾರೆ ಕಾಳು ಹಾಕಿದ್ದಾರೆ. ಕಾಗದದ ಎಳೆ ಯಾವ ಕಡೆಗಿದೆ ಎಂದು ಬೆರಳ ತುದಿಯಲ್ಲಿ ಹೇಳುತ್ತಿದ್ದ ಮನುಷ್ಯ ತನ್ನ ಹುಂಜವನ್ನು ಗುರುತಿಸದೆ ಇರುತ್ತಾರೆಯೇ?

* * *

ಬೈಂಡರಯ್ಯನ ತಮ್ಮನಿಗೆ ಊರಾಚೆ ಹ್ಯಾಚರಿ ಇತ್ತು. ಒಂದು ಸಲಕ್ಕೆ ಹತ್ತು ಸಾವಿರ ಮೊಟ್ಟೆ ಮರಿಮಾಡುವ ಮೂರು ಮೆಷಿನ್ನುಗಳು ಗೋಡೆಯುದ್ದಕ್ಕೂ ಗುಂಯ್‌ಗುಡುತ್ತಿದ್ದವು. ಆತ ಕತ್ತಲೆ ಕೋಣೆಯಲ್ಲಿ ಕೂತು, ಡಬ್ಬಿಯೊಳಗಿನ ದೀಪಕ್ಕೆ ಮೊಟ್ಟೆ ಹಿಡಿದು, ಬಂಜೆ ಮೊಟ್ಟೆಗಳನ್ನು ಪಕ್ಕಕ್ಕೆ ಇಡುತ್ತಿದ್ದ. ಅಣ್ಣನ ತಳಿಗಾಗಿ ವರ್ಷಗಟ್ಟಲೆ ಹಿಂದೆಬಿದ್ದಿದ್ದವನು, ಕೊಡುವುದಿಲ್ಲ ಎಂದಾಗ ಹತ್ತು ಜನರೆದುರು ಕೂಗಾಡಿ ಬಂದಿದ್ದವನು ಎಂದು ಊರೆಲ್ಲ ಬೊಟ್ಟು ಮಾಡುತ್ತಿದ್ದುದು ಇವನ ಕಡೆಗೇ.

"ಯಜಮಾನ್ರೇ, ಹುಂಜ ನಿಮ್ಮದು" ಎಂದರು ಡಾಕ್ಟರಮ್ಮ, ಪೀಠಿಕೆಯಿಲ್ಲದೆ.

ದೀಪದ ಮುಂದಿನ ಮೊಟ್ಟೆ ಅಲುಗಲಿಲ್ಲ. "ಯಾವುದು?"

"ಗಂಟಲ ಪುಕ್ಕ ಕಿತ್ತದ್ದು. ಈ ಊರಲ್ಲಿ ಬೋಳು ಕತ್ತಿನ ಅರೆಬೆರಕೆ ಹುಂಜ ಇರೋದು ನಿಮ್ಮ ಶೆಡ್ಡಿನಲ್ಲಿ ಮಾತ್ರ."

ಆತ ಮೊಟ್ಟೆಯನ್ನು ತಟ್ಟೆಗಿಟ್ಟು ದೀಪ ಆರಿಸಿದ. ಕೋಣೆಯ ಬಾಗಿಲು ತೆರೆದು ಹೊರಗಿನ ಬೆಳಕಿಗೆ ಬಂದಾಗ ಆತನ ಮುಖ ಕಳ್ಳನದ್ದಾಗಿರಲಿಲ್ಲ, ನಿದ್ದೆಗೆಟ್ಟವನದ್ದಾಗಿತ್ತು.

"ನಮ್ಮದೇ. ಪುಕ್ಕ ಕಿತ್ತದ್ದು ನಾನಲ್ಲ. ಅಣ್ಣ."

"ಬೈಂಡರಯ್ಯನೇ?"

"ಎರಡನೇ ತಾರೀಕು ಬೆಳಿಗ್ಗೆ ಬಂದ. ಐದು ವರ್ಷದಿಂದ ನನ್ನ ಹೊಸ್ತಿಲು ತುಳಿದಿರಲಿಲ್ಲ. ಬಂದವನೇ, 'ನನ್ನ ಹುಂಜದ ಹಾಗೇ ಕಾಣೋದು ಒಂದು ಕೊಡೋ' ಅಂದ. ಇಲ್ಲೇ ಈ ಕಟ್ಟೆ ಮೇಲೆ ಕೂತು, ರಟ್ಟಿನ ಕೆಲಸದ ಚಿಮಟ ಹಿಡ್ಕೊಂಡು, ಒಂದು ಗಂಟೆ ಕಿತ್ತ. ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ ಅವನಿಗೆ. ಬೆರಳಲ್ಲೇ ತಡವಿ ತಡವಿ ಕಿತ್ತ."

"ಯಾಕೆ ಅಂತ ಕೇಳಲಿಲ್ವೇ?"

"ಕೇಳಿದೆ." ಆತ ಹೆಗಲ ಮೇಲಿನ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. "'ಮನೆ ಒಳಗೇ ಯಾರೋ ನನ್ನ ಕೋಳಿಗಳನ್ನ ಒಂದೊಂದಾಗಿ ಮುಗಿಸ್ತಾ ಇದ್ದಾರೆ' ಅಂದ. ಯಾರು ಅಂದೆ. 'ಯಾರು ಅಂತ ಗೊತ್ತು, ಯಾಕೆ ಅಂತ ಗೊತ್ತಿಲ್ಲ, ಅದಕ್ಕೇ ಕೇಳಲ್ಲ' ಅಂದ."

ಡಾಕ್ಟರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆ ಮನೆಯೊಳಗೆ ಇದ್ದವರು ಇಬ್ಬರೇ, ಅಪ್ಪ ಮತ್ತು ಮಗಳು.

"ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಅಣ್ಣ ಕೇಳದೇ ಬಿಟ್ಟದ್ದನ್ನ ನಾನು ಹೇಳ್ಲಾ? ಅವಳು ನಾನು ಎತ್ತಿ ಆಡಿಸಿದ ಮಗು ಡಾಕ್ಟ್ರೇ."

"ಹಾಗಾದ್ರೆ ನಿಜವಾದ ಹುಂಜ ಈಗ ಎಲ್ಲಿದೆ?"

"ಅದೇ ನನಗೂ ಬೇಕು." ಆತ ನಕ್ಕ, ನಗುವಿನಲ್ಲಿ ಹಳೆಯ ಸಿಟ್ಟಿನ ಚೂರಿತ್ತು. "ನಾನು ಹತ್ತು ವರ್ಷ ಕೇಳಿದ್ರೂ ಕೊಡಲಿಲ್ಲ. ನಿಮಗೆ ಗೊತ್ತಲ್ಲ ಅವನ ಪರೀಕ್ಷೆ. ಒಂದು ಜೊತೆ ಮರಿ ಕೇಳಿಕೊಂಡು ಹೋದ್ರೆ, ಎಷ್ಟು ಮೊಟ್ಟೆ ಬೇಕು ಅಂತ ಕೇಳ್ತಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಅಂಗಳದಲ್ಲಿ ನೆರಳು ಎಲ್ಲಿ ಬೀಳತ್ತೆ ಅಂತ ಕೇಳೋನು. ಮನೇಲಿ ಯಾರು ಮೊದಲು ಏಳ್ತಾರೆ, ಸಂಜೆ ಗೂಡಿನ ಬಾಗಿಲು ಹಾಕೋರು ಒಬ್ಬರೇನಾ ಇಬ್ಬರಾ, ಊರಿಗೆ ಹೋದ್ರೆ ಯಾರು ನೋಡ್ಕೋತಾರೆ, ಪಕ್ಕದ ಮನೆಯವರಿಗೆ ಕೋಳಿ ಕೂಗಿದ್ರೆ ಆಗತ್ತಾ. ಒಂದಕ್ಕೆ ತಪ್ಪು ಹೇಳಿದ್ರೂ 'ನಿಮ್ಮನೆಗೆ ಈ ಕೋಳಿ ಆಗಲ್ಲ, ಬೇರೆ ಜಾತಿದು ತಗೊಳ್ಳಿ' ಅಂತ ಕಳಿಸಿಬಿಡೋನು. ನಾನು ಮೊದಲನೇ ಪ್ರಶ್ನೆಗೇ ಫೇಲು."

"ಏನು ಹೇಳಿದ್ರಿ?"

"ಶೆಡ್ಡಿನಲ್ಲಿ ಪೂರ್ತಿ ನೆರಳೇ ಅಂದೆ. 'ಹಾಗಾದ್ರೆ ಇವಕ್ಕೆ ಅಲ್ಲಿ ಕೆಲಸ ಇಲ್ಲ' ಅಂದ."

ಡಾಕ್ಟರಮ್ಮನಿಗೂ ನಗು ಬಂತು.

"ಆವತ್ತು ಹೊರಡುವಾಗ ಒಂದು ಮಾತು ಅಂದ" ಎಂದ ತಮ್ಮ, ದನಿ ತಗ್ಗಿಸಿ. "'ಒಂದು ಮನೆ ಸಿಕ್ಕಿದೆ ಕಣೋ. ಮೂವತ್ತು ವರ್ಷದಲ್ಲಿ ಮೊದಲನೇ ಸಲ ಒಬ್ಬ ಮನುಷ್ಯ ಎಲ್ಲಾ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಟ್ಟ.' ಯಾರು ಅಂತ ಹೇಳಲಿಲ್ಲ. ನನ್ನ ಹೊಟ್ಟೆ ಉರೀತಿತ್ತು, ನಾನೂ ಕೇಳಲಿಲ್ಲ."

* * *

ಮೂರೂವರೆಗೆ ಡಾಕ್ಟರಮ್ಮ ವಾಪಸು ಬಂದಾಗ ಮಗಳು ಮುಂದಿನ ಕೋಣೆಯಲ್ಲಿ ಕೆಲಸಕ್ಕೆ ಕೂತಿದ್ದಳು. ಅಪ್ಪನ ಕೆಲಸ ಈಗ ಅವಳದ್ದು. ಹೊಲಿದ ಹಾಳೆಗಳ ಕಟ್ಟುಗಳು, ಒತ್ತುವ ಕಬ್ಬಿಣದ ಯಂತ್ರ, ಗೋಂದಿನ ಹುಳಿ ವಾಸನೆ. ಒಂದು ದಪ್ಪ ಪುಸ್ತಕದ ಬೆನ್ನಿಗೆ ಅವಳು ಗೋಂದು ಸವರುತ್ತಿದ್ದಳು.

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. ದಾರಿಯುದ್ದಕ್ಕೂ ಹೇಗೆ ಶುರುಮಾಡುವುದು ಎಂದು ಯೋಚಿಸಿದ್ದರು. ಮೂವತ್ತೈದು ವರ್ಷ ಮಾತು ಬಾರದ ಪ್ರಾಣಿಗಳ ಜೊತೆ ಏಗಿದವರಿಗೆ ಸುತ್ತಿ ಬಳಸಿ ಮಾತಾಡುವುದು ಒಗ್ಗಿರಲಿಲ್ಲ.

"ಹುಂಜ ಬದಲಾಯಿಸಿದ್ದು ನಿಮ್ಮಪ್ಪನೇ. ನಿನ್ನಿಂದ ಅದನ್ನ ಉಳಿಸೋಕೆ."

ಕುಂಚ ನಿಂತಿತು. ಗೋಂದಿನ ಒಂದು ಹನಿ ಮೇಜಿನ ಮೇಲೆ ಬಿತ್ತು.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಯಾಕೆ ಅನ್ನೋದು ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ. ಹೇಳು."

ಅವಳು ಅಳುತ್ತಾಳೆ ಎಂದುಕೊಂಡಿದ್ದರು ಡಾಕ್ಟರಮ್ಮ. ಅವಳು ಅಳಲಿಲ್ಲ. ಕುಂಚವನ್ನು ನೀರಿನ ಡಬ್ಬಿಯಲ್ಲಿ ಅದ್ದಿ, ತೊಳೆದು, ಬಟ್ಟೆಯಲ್ಲಿ ಒರೆಸಿ, ಪಕ್ಕಕ್ಕೆ ಇಟ್ಟಳು.

"ಅಪ್ಪಂಗೆ ಕೆಮ್ಮು. ಹೋದ ವರ್ಷದಿಂದ ಎರಡು ಮೆಟ್ಟಿಲು ಹತ್ತಿದ್ರೂ ಉಸಿರು. ಬಲವಂತ ಮಾಡಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಎಕ್ಸ್‌ರೇ ತೆಗೆದ್ರು. ಕೋಳಿ ಪುಕ್ಕದ ಧೂಳು ಎದೆಯೊಳಗೆ ಕೂತು ಶ್ವಾಸಕೋಶ ಗಟ್ಟಿಯಾಗ್ತಾ ಇದೆಯಂತೆ. ಕೋಳಿಗಳು ಮನೇಲಿದ್ರೆ ಆರು ತಿಂಗಳು, ಇಲ್ದಿದ್ರೆ ಹತ್ತು ವರ್ಷ."

ಡಾಕ್ಟರಮ್ಮ ತಲೆಯಾಡಿಸಿದರು. ಅಂಥ ಕಾಯಿಲೆ ಇರುವುದು ನಿಜ. ಹಕ್ಕಿ ಸಾಕಿದವರ ಎದೆ ಹಾಳಾದದ್ದನ್ನು ಅವರೇ ಕಂಡಿದ್ದರು.

"ಅಪ್ಪಂಗೆ ಹೇಳಿದ್ಯಾ?"

"ಹೇಳ್ಬೇಡಿ, ಮನಸ್ಸಿಗೆ ಹಚ್ಕೋತಾರೆ ಅಂದಿದ್ರು. ಹೇಳಿದ್ರೂ ಅಪ್ಪ ಕೋಳಿ ಬಿಡ್ತಿರಲಿಲ್ಲ. ಆರು ತಿಂಗಳು ಸಾಕು, ಅಷ್ಟರಲ್ಲಿ ಎರಡು ಸಲ ಮರಿ ಮಾಡಿಸ್ಬಹುದು ಅನ್ನೋರು." ಅವಳು ಕಿಟಕಿಯಾಚೆ ನೋಡಿದಳು. "ತಾವಾಗೇ ಸಾಯ್ತಿವೆ, ರೋಗ ಬಂದಿದೆ ಅಂತ ಆದ್ರೆ ಅಪ್ಪ ಮನಸ್ಸು ಗಟ್ಟಿ ಮಾಡ್ಕೋತಾರೆ ಅಂದ್ಕೊಂಡೆ. ನುಚ್ಚಿನಲ್ಲಿ ಇಲಿ ಔಷಧಿ ಬೆರೆಸಿ ಇಟ್ಟೆ. ಮೊದಲನೇದು ಸತ್ತಾಗ ಅಪ್ಪ ಊಟ ಬಿಟ್ರು. ಎರಡನೇದಕ್ಕೆ ಮಾತು ಬಿಟ್ರು. ಮೂರನೇದು ಸತ್ತ ದಿನ ಅದನ್ನ ತೊಡೆ ಮೇಲೆ ಮಲಗಿಸ್ಕೊಂಡು, ಆರಿದ ಪುಸ್ತಕದ ಬೆನ್ನು ಸವರೋ ಹಾಗೆ ಸವರ್ತಾ ಬೆಳಗಿಂದ ಸಂಜೆವರೆಗೆ ಕೂತಿದ್ರು. ನಾನು ಆವತ್ತೇ ಉಳಿದ ಔಷಧೀನ ಚರಂಡಿಗೆ ಸುರಿದೆ. ಮೂರು ಜೀವ ತೆಗೆದದ್ದಲ್ದೆ ಅಪ್ಪನ್ನೂ ಅರ್ಧ ಕೊಂದೆ ಅನ್ನಿಸ್ತು."

ಗೋಡೆಯ ಮೇಲಿನ ಹಲ್ಲಿಯೊಂದು ಲೊಚಗುಟ್ಟಿತು. ಡಾಕ್ಟರಮ್ಮ ಅವಳ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು. ಗೋಂದು ಅಂಟಿ ಬೆರಳುಗಳು ಬಿರುಸಾಗಿದ್ದವು. ಒಂದು ಪ್ರಾಣ ಉಳಿಸಲು ಇನ್ನೊಂದನ್ನು ತೆಗೆಯುವ ನಿರ್ಧಾರವನ್ನು ಅವರು ಸಾವಿರ ಸಲ ಮಾಡಿದ್ದರು, ಸರ್ಕಾರದ ಸಂಬಳಕ್ಕೆ, ಸಿರಿಂಜು ಹಿಡಿದುಕೊಂಡು. ಯಾವತ್ತೂ ಸುಲಭವಾಗಿರಲಿಲ್ಲ. ಈ ಹುಡುಗಿ ಒಬ್ಬಳೇ, ಯಾರನ್ನೂ ಕೇಳದೆ, ಮಾಡಿದ್ದಳು.

"ನನ್ನ ಹತ್ತಿರ ಯಾಕೆ ಬಂದೆ ಮತ್ತೆ? ಹುಡುಕಿದ್ರೆ ನೀನೇ ಸಿಕ್ಕಿಬೀಳ್ತೀಯ ಅಂತ ಗೊತ್ತಿತ್ತಲ್ಲ."

"ಅದಕ್ಕೇ ಬಂದೆ. ಅಪ್ಪನ್ನ ಕೊಂದದ್ದು ನಾನೇನಾ ಅಂತ ತಿಳ್ಕೋಬೇಕಿತ್ತು. ಪೊಲೀಸರನ್ನ ಕೇಳೋಕೆ ಧೈರ್ಯ ಬರಲಿಲ್ಲ."

"ಕೋಳಿಗೆ ಇಟ್ಟ ಔಷಧಿಯಿಂದ ಅವರು ಹೇಗೆ ಸಾಯ್ತಾರೆ?"

"ನಾಲ್ಕನೇದೊಂದೂ ಸತ್ತಿತ್ತು."

ಡಾಕ್ಟರಮ್ಮ ಅವಳ ಕೈ ಬಿಟ್ಟರು. "ನಾಲ್ಕನೇದೇ?"

"ಕುಂಟಿ. ಮುದಿ ಹೇಂಟೆ, ಒಂದು ಕಾಲು ಸೆಟೆದುಹೋಗಿತ್ತು. ಜಗುಲಿ ಮೇಲೆ ಅಪ್ಪನ ಕುರ್ಚಿ ಪಕ್ಕದಲ್ಲೇ ಅದರ ವಾಸ. ಅಪ್ಪ ಸತ್ತ ದಿನ ನಾನು ಆಸ್ಪತ್ರೆಯಿಂದ ಬಂದು ನೋಡಿದ್ರೆ ಏಣಿ ಹತ್ರ ಅಪ್ಪ, ಕುರ್ಚಿ ಕೆಳಗೆ ಕುಂಟಿ. ಔಷಧಿ ಎಲ್ಲೋ ಚೂರು ಉಳಿದಿತ್ತೇನೋ, ಅದು ತಿಂತೇನೋ, ಅದನ್ನ ನೋಡಿ ಅಪ್ಪ ಗಾಬರಿಯಾಗಿ ಉಳಿದವನ್ನ ನೋಡೋಕೆ ಏಣಿ ಹತ್ತಿ ಬಿದ್ರೇನೋ ಅಂತ ನನಗೆ. ಯಾರಿಗೂ ಹೇಳ್ದೆ ಹೂತುಬಿಟ್ಟೆ."

"ಇರು. ಆ ಕುಂಟಿ ಮೆಟ್ಟಿಲು ಇಳೀತಿತ್ತಾ?"

"ಇಲ್ಲ. ಮೂರು ವರ್ಷದಿಂದ ಇಳಿದಿರಲಿಲ್ಲ."

"ಮತ್ತೆ ಏನು ತಿಂತಿತ್ತು?"

ಮಗಳು ಬಾಯಿ ತೆರೆದಳು. ತಾನು ಏನು ಹೇಳಹೊರಟಿದ್ದೇನೆ ಎನ್ನುವುದು ಅವಳಿಗೂ ಆಗಷ್ಟೇ ಹೊಳೆದಂತಿತ್ತು.

"ಅಪ್ಪನ ತಟ್ಟೆಯಿಂದ. ಅಪ್ಪ ತಿಂತಿದ್ದದ್ರಲ್ಲಿ ಅದಕ್ಕೊಂದು ಪಾಲು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ವಿಷ ತಟ್ಟೆಯಲ್ಲೇ ಇತ್ತು. ಹೇಂಟೆ ಒಂದು ತುತ್ತಿಗೆ ಅಲ್ಲೇ ಸತ್ತಿದೆ. ಮನುಷ್ಯ ಇನ್ನಷ್ಟು ತಾಳಿಕೊಂಡು, ಎದ್ದು, ಹಿತ್ತಲವರೆಗೆ ನಡೆದು, ಏಣಿ ಹಿಡಿದಿದ್ದಾರೆ. ಜಾರಿ ಬಿದ್ದದ್ದಲ್ಲ.

"ಆವತ್ತು ಬೆಳಿಗ್ಗೆ ತಿಂಡಿ ಏನು ಮಾಡಿದ್ದೆ?"

"ನಾನು ಮಾಡಲಿಲ್ಲ. ಬೇಡ ಅಂದ್ರು. 'ಒಬ್ಬರು ಬರ್ತಾರೆ, ಕೋಳಿ ವಿಷಯ ಮಾತಾಡೋದಿದೆ, ಅವರೇ ಏನಾದ್ರೂ ತರ್ತಾರಂತೆ, ನೀನು ಹೋಗಿ ಬಾ' ಅಂದ್ರು. ಯಾರು ಅಂತ ಕೇಳಿದ್ರೆ ನಕ್ಕರು. ನನಗೆ ಆಸ್ಪತ್ರೆಗೆ ಹೊತ್ತಾಗಿತ್ತು."

"ಆಸ್ಪತ್ರೆಗೆ ಯಾಕೆ ಹೋದದ್ದು?"

"ದೊಡ್ಡ ಡಾಕ್ಟರನ್ನ ನೋಡಿ, ಬೇರೆ ಏನಾದ್ರೂ ದಾರಿ ಇದೆಯಾ ಅಂತ ಕೇಳೋಣ ಅಂತ. ಮೊದಲನೇ ಸಲ ಅವರು ಸಿಕ್ಕಿರಲಿಲ್ಲ. ಆವತ್ತೂ ಸಿಗಲಿಲ್ಲ. ಫಿಲ್ಮ್ ಕೊಡಿ ಅಂದ್ರೆ ಅದೂ ಸಿಗಲಿಲ್ಲ."

ಡಾಕ್ಟರಮ್ಮ ನಿಧಾನವಾಗಿ ಕನ್ನಡಕ ತೆಗೆದರು. "ಮೊದಲನೇ ಸಲ ಡಾಕ್ಟರ್ ಸಿಗಲಿಲ್ಲ ಅಂದ್ರೆ, ಆರು ತಿಂಗಳು, ಹತ್ತು ವರ್ಷ ಅಂತ ಹೇಳಿದ್ದು ಯಾರು?"

"ಎಕ್ಸ್‌ರೇ ತೆಗೆದೋರು. ಅಪ್ಪ ಒಳಗೆ ಅಂಗಿ ಹಾಕ್ಕೋತಿದ್ದಾಗ ನನ್ನ ಹೊರಗೆ ಕರೆದು ಹೇಳಿದ್ರು. ತುಂಬಾ ಒಳ್ಳೆಯವರು. ಅಪ್ಪ ತಮ್ಮ ಕೋಳಿ ಪುಸ್ತಕಾನ ಅಲ್ಲೇ ಬಿಟ್ಟು ಬಂದಿದ್ರು, ಮಾರನೇ ದಿನ ಹೋದಾಗ ಜೋಪಾನವಾಗಿ ಇಟ್ಟು ಕೊಟ್ರು."

"ಕೋಳಿ ಪುಸ್ತಕ?"

"ಕರೀ ರಟ್ಟಿನದ್ದು. ಮೂವತ್ತು ವರ್ಷದ್ದೆಲ್ಲಾ ಬರೆದಿಟ್ಟಿದ್ರು. ಯಾವ ಹೇಂಟೆಗೆ ಯಾವ ಹುಂಜ, ಎಂಥಾ ಮನೆಗೆ ಕೋಳಿ ಕೊಡ್ಬಹುದು, ಎಂಥಾ ಮನೆಗೆ ಕೊಡ್ಬಾರದು..."

ಎಲ್ಲಾ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಟ್ಟ ಮನುಷ್ಯ. ಉತ್ತರಗಳನ್ನು ಒಂದು ದಿನ ಪೂರ್ತಿ ತನ್ನ ಮೇಜಿನ ಮೇಲಿಟ್ಟುಕೊಂಡು ಓದಿದ್ದ ಮನುಷ್ಯ. ಡಾಕ್ಟರು ನೋಡದ ಎಕ್ಸ್‌ರೇಯ ನೆಪದಲ್ಲಿ ಕೋಳಿಗಳನ್ನು ಈ ಮನೆಯಿಂದ ಹೊರಡಿಸಲು ನೋಡಿದ ಮನುಷ್ಯ. ಡಾಕ್ಟರಮ್ಮ ಎದ್ದುನಿಂತರು. ಮಂಡಿ ನೋಯುವುದನ್ನೂ ಮರೆತಿದ್ದರು.

"ತಾಯಿ, ನಿಮ್ಮಪ್ಪ ಹೋದಮೇಲೆ ಹೇಂಟೆಗಳನ್ನ ಯಾರಾದ್ರೂ ಕೇಳಿದ್ರಾ? ನಿಜವಾದ ಹುಂಜಾನ ನಿಮ್ಮಪ್ಪ ಒಬ್ಬರಿಗೆ ಕೊಟ್ಟಿದ್ದಾರೆ, ಆದ್ರೆ ಬರೀ ಹುಂಜ ಇಟ್ಕೊಂಡು ಯಾರೂ ಏನೂ ಮಾಡೋಕಾಗಲ್ಲ. ತಳಿ ಉಳೀಬೇಕಾದ್ರೆ ಹೇಂಟೆಗಳೂ ಬೇಕು."

ಮಗಳ ಮುಖ ಬಿಳಿಚಿತು.

"ನಿನ್ನೆ ಫೋನ್ ಬಂದಿತ್ತು. ಗಂಡಸಿನ ದನಿ. ಹೆಸರು ಹೇಳಲಿಲ್ಲ. 'ನಿಮ್ಮ ತಂದೆ ನನಗೆ ಹೇಂಟೆಗಳನ್ನ ಕೊಡ್ತೀನಿ ಅಂದಿದ್ರು, ಯಾವಾಗ ಬರಲಿ' ಅಂದ್ರು. ನನಗೂ ಅವುಗಳ ಮುಖ ನೋಡೋಕೆ ಆಗ್ತಿರಲಿಲ್ಲ. ನಿಮಗೆ ಹೇಳಿದ್ರೆ ಬೇಡ ಅಂತೀರ ಅಂತ ಹೇಳಲಿಲ್ಲ."

"ಯಾವಾಗ ಬರೋಕೆ ಹೇಳಿದೀಯ?"

"ಇವತ್ತು. ನಾಲ್ಕು ಗಂಟೆಗೆ."

ಗೋಡೆ ಗಡಿಯಾರ ನಾಲ್ಕಕ್ಕೆ ಎರಡು ನಿಮಿಷ ತೋರಿಸುತ್ತಿತ್ತು. ಡಾಕ್ಟರಮ್ಮ ಫೋನಿಗಾಗಿ ಚೀಲಕ್ಕೆ ಕೈಹಾಕಿದರು. ಅಷ್ಟರಲ್ಲಿ ಹೊರಗೆ ಗೇಟಿನ ಚಿಲಕ ಸರಿದ ಸದ್ದು, ಆಮೇಲೆ ಅವಸರವಿಲ್ಲದ ಹೆಜ್ಜೆಗಳು.

ಮಗಳು ಕಿಟಕಿಯ ಪರದೆಯನ್ನು ಒಂದು ಬೆರಳಗಲ ಸರಿಸಿ ನೋಡಿದಳು. ಪರದೆ ಹಿಡಿದ ಕೈ ಹಾಗೇ ಉಳಿಯಿತು.

"ಡಾಕ್ಟರಮ್ಮ" ಎಂದಳು, ಉಸಿರಿನಲ್ಲೇ. "ಎಕ್ಸ್‌ರೇಯವರು."

ಜಗುಲಿಯ ಮೇಲೆ ಚಪ್ಪಲಿ ಬಿಡುವ ಸದ್ದಾಯಿತು. ಬಾಗಿಲಾಚೆಯಿಂದ ಬಂದ ದನಿ ಮೆದುವಾಗಿತ್ತು, ಮನೆಯವರದ್ದೇ ಎನ್ನುವಷ್ಟು ಸಲಿಗೆಯದ್ದಾಗಿತ್ತು.

"ಅಮ್ಮಾ, ಇದ್ದೀರಾ? ನನಗಾಗಿ ಏನೂ ಮಾಡೋಕೆ ಹೋಗ್ಬೇಡಿ. ಇಬ್ಬರಿಗೂ ಆಗೋಷ್ಟು ತಿಂಡಿ ನಾನೇ ತಂದಿದ್ದೀನಿ."